ಕೊಟ್ಟಿಗೆಯ ಮಾತು

ಆಶ್ವೀಜ ಮಾಸ ಹುಟ್ಟಿತೆಂದರೆ ಮಂಜೀರಾ ದಂಡೆಯ ನಮ್ಮ ಹಳ್ಳಿಯಲ್ಲಿ ಬೆಳಗಿನ ಗಾಳಿಯ ಗುಣವೇ ಬದಲಾಗುತ್ತದೆ. ಮೂರು ತಿಂಗಳು ಕೆಸರಿನ, ಒದ್ದೆ ಹುಲ್ಲಿನ, ಹೊಗೆಯ ವಾಸನೆಯನ್ನು ಹೊತ್ತು ಭಾರವಾಗಿದ್ದ ಗಾಳಿ ಹಗುರಾಗಿ, ಬದುವಿನ ಹುಲ್ಲು ಬಲಿತ ಕಂಪನ್ನು ತರುತ್ತದೆ. ಇನ್ನೂ ಕತ್ತಲಿರುವಾಗಲೇ ಎದ್ದು ಕೊಟ್ಟಿಗೆಯ ಬಾಗಿಲು ತೆರೆದರೆ, ಮಲಗಿದ್ದ ದನಗಳು ಮೊದಲು ಹಿಂಗಾಲನ್ನೆತ್ತಿ, ಆಮೇಲೆ ಮುಂಗಾಲೂರಿ ಒಂದೊಂದಾಗಿ ಮೇಲೇಳುತ್ತವೆ. “ಏಳ್ರೆವ್ವಾ, ಬೆಳಗಾಯ್ತು” ಎಂದು ನಾನು ಅವುಗಳಿಗೆ ಹೇಳುವುದು ನಲವತ್ತೊಂಬತ್ತು ವರ್ಷಗಳ ರೂಢಿ. ದಿನದ ಮೊದಲ ಮಾತನ್ನು ಮನೆಯವರೊಡನೆ ಆಡುವುದಕ್ಕಿಂತ ಮುಂಚೆ ದನಗಳೊಡನೆ ಆಡಿದ್ದೇನೆ. ಆ ಮಾತು ಯಾವಾಗಲೂ ಕನ್ನಡವೇ. ಇದರಲ್ಲೊಂದು ವಿಶೇಷವಿದೆಯೆಂದು ನನಗೆ ತಿಳಿದದ್ದು ಮಾತ್ರ ತೀರ ಈಚೆಗೆ. ಅದನ್ನು ಹೇಳಬೇಕೆಂದೇ ಈ ನಾಲ್ಕು ಮಾತು.

ನಾನು ತಾಂಡೂರು ಸೀಮೆಯ ಮಗಳು, ನಾರಾಯಣಖೇಡ ಸೀಮೆಯ ಸೊಸೆ. ಕಾಗಿಣಾ ನದಿಯ ಬದಿಯ ತವರೂರಿನಲ್ಲಿ ನೆಲವೆಲ್ಲ ಹಾಸುಗಲ್ಲು. ಅಡಿಗೆಮನೆಯ ನೆಲಕ್ಕೂ ಕಲ್ಲು, ದನದ ಗೋದಲಿಗೂ ಕಲ್ಲು. ನಮ್ಮ ತಂದೆಯವರ ಎತ್ತುಗಳು ಸುಗ್ಗಿಯಲ್ಲಿ ತೊಗರಿಯನ್ನೂ, ಉಳಿದ ದಿನಗಳಲ್ಲಿ ಕಲ್ಲನ್ನೂ ತಾಂಡೂರಿನ ರೈಲು ನಿಲ್ದಾಣಕ್ಕೆ ಎಳೆದುಕೊಂಡು ಹೋಗುತ್ತಿದ್ದವು. 1976ರಲ್ಲಿ ಹದಿನೆಂಟರ ಹುಡುಗಿಯಾಗಿ ನಾನು ಈ ಮನೆಯ ಹೊಸ್ತಿಲು ದಾಟಿದಾಗ ಇಲ್ಲಿ ಹದಿನಾಲ್ಕು ಜಾನುವಾರುಗಳಿದ್ದವು. ಎರಡು ಜೋಡಿ ಎತ್ತು, ಆರು ಆಕಳು, ಒಂದು ಎಮ್ಮೆ, ಮೂರು ಕರು. ಮದುವೆಯಾದ ನಾಲ್ಕನೆಯ ದಿನ ನಮ್ಮ ಅತ್ತೆಯವರು ಕೈಗೆ ಪೊರಕೆ ಕೊಟ್ಟು, “ದನ ಕಟ್ಟಿದ ಮನಿಗೆ ರಜಾ ಇಲ್ಲ ನೋಡವ್ವ” ಎಂದರು. ಅದು ಬೆದರಿಕೆಯಲ್ಲ, ದೀಕ್ಷೆ ಎಂಬುದು ಅರ್ಥವಾಗಲು ನನಗೆ ಕೆಲವು ವರ್ಷಗಳೇ ಬೇಕಾದವು.

ಆ ಹದಿನಾಲ್ಕರಲ್ಲಿ ಎಮ್ಮೆಯೊಂದನ್ನು ಬಿಟ್ಟರೆ ಮಿಕ್ಕವೆಲ್ಲ ದೇವಣಿ ತಳಿಯವು. ಈ ತಳಿಗೆ ಹೆಸರು ಬಂದದ್ದು ಇಂದು ಮಹಾರಾಷ್ಟ್ರದ ಲಾತೂರ ಜಿಲ್ಲೆಗೆ ಸೇರಿರುವ ದೇವಣಿ ಎಂಬ ಊರಿನಿಂದ. ಅಚ್ಚ ಬಿಳಿಯ ಮೈಯದು ಬಾಲಂಕ್ಯಾ, ಮೈ ಬಿಳಿದಾಗಿ ಮುಖ ಕಪ್ಪಾದದ್ದು ವಾನ್ನೇರಾ, ಬಿಳಿಯ ಮೈಮೇಲೆ ಕಪ್ಪು ಮಚ್ಚೆ ಚೆಲ್ಲಿದಂತಿರುವುದು ಶೇವೇರಾ ಎಂದು ಅದರಲ್ಲಿ ಮೂರು ಬಗೆ. ಆಕಳು ಮನೆಮಂದಿಗೆ ಸಾಕಾಗುವಷ್ಟು ಹಾಲು ಕೊಡುತ್ತದೆ, ಹೋರಿ ಕರಿಯ ನೆಲದಲ್ಲಿ ಕುಂಟೆ ಎಳೆಯುತ್ತದೆ. ಎರಡಕ್ಕೂ ಒದಗುವ ದನವೆಂಬುದೇ ಅದರ ಹೆಚ್ಚಳ.

ಒಂದು ಸಂಗತಿಯನ್ನು ನಮ್ಮ ಮಾವನವರು ಪದೇ ಪದೇ ಹೇಳುತ್ತಿದ್ದರು. ನಿಜಾಮರ ಕಾಲದ ಹಳೆಯ ಬೀದರ ಜಿಲ್ಲೆಯಲ್ಲಿ ಬೀದರವೂ ಇತ್ತು, ಉದಗೀರವೂ ಇತ್ತು, ನಮ್ಮ ನಾರಾಯಣಖೇಡ, ಜಹೀರಾಬಾದುಗಳೂ ಇದ್ದವು. 1956ರ ನವೆಂಬರ್ 1ರಂದು ಅದು ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಬೀದರದ ಕಡೆಯ ಭಾಗ ಮೈಸೂರಿಗೆ, ನಾರಾಯಣಖೇಡ, ಜಹೀರಾಬಾದುಗಳು ಆಂಧ್ರಪ್ರದೇಶಕ್ಕೆ. ಜಹೀರಾಬಾದ ತಾಲೂಕಿನಲ್ಲಿಯೂ ನಿರ್ಣಾ ಸರ್ಕಲ್ಲಿನ ಹಳ್ಳಿಗಳನ್ನು ಮಾತ್ರ ಬಿಡಿಸಿ ಮೈಸೂರಿಗೆ ಕೊಟ್ಟರು. ನನ್ನ ತವರಿನ ತಾಂಡೂರನ್ನು ಗುಲಬರ್ಗಾ ಜಿಲ್ಲೆಯಿಂದ ತೆಗೆದು ಹೈದರಾಬಾದ್ ಜಿಲ್ಲೆಗೆ ಸೇರಿಸಿದರು. ಅದು ಮುಂದೆ 1978ರಲ್ಲಿ ರಂಗಾರೆಡ್ಡಿ ಜಿಲ್ಲೆಯಾಯಿತು, 2016ರಲ್ಲಿ ವಿಕಾರಾಬಾದ್ ಜಿಲ್ಲೆಯಾಯಿತು. ಒಂದೇ ಜಾಗದಲ್ಲಿ ನಿಂತು ನನ್ನ ತವರು ನಾಲ್ಕು ಜಿಲ್ಲೆಗಳನ್ನು ಕಂಡಿತು. ಮಾವನವರು ನಗುತ್ತ, “ಹಳೇ ಬೀದರ ಜಿಲ್ಲಾ ಎಲ್ಲಿತ್ತು ಅಂತ ತಿಳೀಬೇಕಾದ್ರ ನಕಾಶಿ ನೋಡಬ್ಯಾಡ್ರಿ, ದೇವಣಿ ದನ ಎಲ್ಲೆಲ್ಲಿ ಅದಾವ ನೋಡ್ರಿ” ಎನ್ನುತ್ತಿದ್ದರು. ಹೊಲದ ಕಾಗದಗಳು ಉರ್ದುವಿನಿಂದ ತೆಲುಗಿಗೆ ತಿರುಗಿದವು. ಕೊಟ್ಟಿಗೆಯಲ್ಲಿ ಮಾತ್ರ ಏನೂ ತಿರುಗಲಿಲ್ಲ.

ಶರತ್ಕಾಲದ ಕೆಲಸಗಳನ್ನು ಕುರಿತು ಹೇಳುತ್ತೇನೆ. ಮಳೆಗಾಲ ಮುಗಿದ ಕೊಟ್ಟಿಗೆಯೆಂದರೆ ಜ್ವರ ಬಿಟ್ಟ ಮನುಷ್ಯನಂತೆ, ಮೊದಲು ಅದನ್ನು ಮೇಲೆತ್ತಬೇಕು. ದನಗಳ ಕಾಲ್ತುಳಿತಕ್ಕೆ ನೆಲ ಹೊಂಡ ಬಿದ್ದಿರುತ್ತದೆ. ಗಂಜಲ ನಿಂತರೆ ಗೊರಸು ಕೊಳೆಯುತ್ತದೆ. ಆದ್ದರಿಂದ ಹೊಂಡದ ಮಣ್ಣನ್ನು ಕೆರೆದು ತಿಪ್ಪೆಗೆ ಹಾಕಿ, ಊರ ಹೊರಗಿನ ದಿಬ್ಬದಿಂದ ಕೆಂಪು ಮೊರಂ ತಂದು ತುಂಬಿ, ನೀರು ಚಿಮುಕಿಸಿ ದಿಮ್ಮಿಯಿಂದ ಬಡಿಯುತ್ತೇವೆ. ಗೋಡೆಯ ಬಿರುಕುಗಳಲ್ಲಿ ಉಣ್ಣಿಗಳು ಮೊಟ್ಟೆಯಿಟ್ಟಿರುತ್ತವೆ. ಬಿರುಕಿಗೆ ಸುಣ್ಣ ತುಂಬಬೇಕು. ಸಂಜೆ ಹಸಿ ಬೇವಿನ ಸೊಪ್ಪಿನ ಹೊಗೆ ಹಾಕಬೇಕು. ಹಳೆಯ ಕಣ್ಣಿಗಳನ್ನು ಬಿಚ್ಚಿ ನೋಡಿ, ಸವೆದದ್ದನ್ನು ಬಿಸುಟು ಹೊಸತು ಹೊಸೆಯಬೇಕು. ಪುಂಡಿಯ ನಾರು ತೆಗೆದು ಹಗ್ಗ ಹೊಸೆಯುವ ಆ ಕೆಲಸ ನಮ್ಮ ಯಜಮಾನರದು. ಈಗ ಪೇಟೆಯ ನೈಲಾನ್ ಹಗ್ಗ ಬಂದಿದೆ. ಗಟ್ಟಿಯೇನೋ ಹೌದು, ಆದರೆ ದನದ ಕೊರಳನ್ನು ಕೊಯ್ಯುತ್ತದೆ.

ಆಮೇಲೆ ಹುಲ್ಲು. ಬದುವಿನ ಹುಲ್ಲಿಗೆ ಒಂದು ಹದವಿದೆ. ಹೂ ಬಿಟ್ಟು ಕಾಳುಗಟ್ಟುವ ಮೊದಲೇ ಕೊಯ್ದರೆ ಕರಡದಲ್ಲಿ ಸತ್ವ ಉಳಿಯುತ್ತದೆ. ಎಂಟು ದಿನ ತಡವಾದರೆ ಕಾಳು ಉದುರಿ ಬರಿಯ ಕಡ್ಡಿ ಉಳಿಯುತ್ತದೆ. ಕೊಯ್ದ ಹುಲ್ಲು ಇಬ್ಬನಿಯಲ್ಲಿ ನೆನೆಯದಂತೆ ಮಗುಚಿ ಒಣಗಿಸಿ, ಹೊರೆ ಕಟ್ಟಿ, ಬಿಸಿಲಾರಿದ ಮೇಲೆ ಹೊತ್ತು ತರಬೇಕು. ಹಸಿ ಉಳಿದ ಒಂದು ಹೊರೆ ಇಡೀ ಬಣವೆಯನ್ನು ಬೂಸಲು ಹಿಡಿಸುತ್ತದೆ. ಇದೇ ದಿನಗಳಲ್ಲಿ ತೆಲಂಗಾಣದ ಬತುಕಮ್ಮ ಹಬ್ಬ. ಬದುವಿನ ಮೇಲೆ ಹುಲ್ಲಿನ ನಡುವೆ ಗುನುಗು ಹೂ ಬೆಳ್ಳಗೆ ತಲೆಯೆತ್ತಿರುತ್ತದೆ, ದಿನ್ನೆಯ ಮೇಲೆ ತಂಗಡಿ ಹಳದಿಯಾಗಿ ಅರಳಿರುತ್ತದೆ. ಕುಡುಗೋಲು ಹಿಡಿದ ನಾವು ಹುಲ್ಲನ್ನು ಒಂದು ಕಡೆಗೂ ಹೂವನ್ನು ಇನ್ನೊಂದು ಕಡೆಗೂ ಹಾಕುತ್ತ ಹೋಗುತ್ತೇವೆ. ಹುಲ್ಲು ದನಕ್ಕೆ, ಹೂವು ನೆರೆಮನೆಯ ಹೆಣ್ಣುಮಕ್ಕಳ ಬತುಕಮ್ಮನಿಗೆ. ಸಂಜೆ ಅವರ ಜೊತೆಗೆ ನಾವೂ ಸುತ್ತು ತಿರುಗಿ ಚಪ್ಪಾಳೆ ತಟ್ಟುತ್ತೇವೆ. ಹಾಡು ತೆಲುಗು, ಹೆಜ್ಜೆಗೆ ಭಾಷೆಯಿಲ್ಲ.

ಭಾದ್ರಪದದಲ್ಲಿ ಬಡಿದ ಹೆಸರು, ಉದ್ದಿನ ಹೊಟ್ಟನ್ನು ಈಗ ಕೋಣೆಗೆ ತುಂಬಬೇಕು. ಈಚೆಗೆ ಎಲ್ಲೆಡೆ ಸೋಯಾ ಬಂದು ಆ ಹೊಟ್ಟು ಕಡಿಮೆಯಾಗಿದೆ. ಸೋಯಾ ಹೊಟ್ಟನ್ನು ನಮ್ಮ ದನಗಳು ಮೂಸಿ ನೋಡಿ ನಮ್ಮ ಮುಖವನ್ನೂ ನೋಡುತ್ತವೆ. ಹಸ್ತ, ಚಿತ್ತಾ ಮಳೆಗಳ ನಡುವೆ ಹಿಂಗಾರಿ ಜೋಳದ ಬಿತ್ತನೆ. ಮಾಲದಂಡಿ ಜೋಳವನ್ನು ನಾವು ಬಿತ್ತುವುದು ಅರ್ಧ ರೊಟ್ಟಿಗಾಗಿ, ಅರ್ಧ ಕಣಿಕೆಗಾಗಿ. ತೆನೆ ಮನುಷ್ಯರದು, ದಂಟು ದನದ್ದು ಎಂಬ ಈ ಪಾಲುಗಾರಿಕೆಯ ಮೇಲೆಯೇ ನಮ್ಮ ಒಣಬೇಸಾಯ ನಿಂತಿತ್ತು. ಹತ್ತಿಯೂ ಕಬ್ಬೂ ಬಂದಲ್ಲಿ ಆ ಪಾಲು ಮುರಿಯಿತು. ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬಡ ಹೆಣ್ಣುಮಕ್ಕಳ ಸಂಘಗಳು ಜೋಳ, ನವಣೆ, ಸಾವೆಗಳನ್ನು ಒಂದೇ ಹೊಲದಲ್ಲಿ ಬೆರೆಸಿ ಬಿತ್ತುವ ಹಳೆಯ ಪದ್ಧತಿಯನ್ನು ಹಿಡಿದು ನಿಲ್ಲಿಸಿದವು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶರು ಮೈಸೂರಿನವರು, ನಮ್ಮ ಕನ್ನಡಿಗರೇ. 2023ರ ಮಾರ್ಚಿಯಲ್ಲಿ ಅವರು ತೀರಿಕೊಂಡರು. ಗೊಬ್ಬರವಿಲ್ಲದೆ ಆ ಬೆಳೆಯಿಲ್ಲ, ದನವಿಲ್ಲದೆ ಆ ಗೊಬ್ಬರವಿಲ್ಲ ಎಂಬುದು ಆ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ.

ಇವು ಋತುವಿನ ಕೆಲಸಗಳು. ದಿನದ ಕೆಲಸಕ್ಕೆ ಋತುವಿಲ್ಲ. ಹೆಂಡಿಕಸ ತೆಗೆಯುವುದು, ಕುಳ್ಳು ತಟ್ಟುವುದು, ಮುಸುರೆ ನೀರಿಗೆ ತೌಡು ಕಲಸಿ ಕುಡಿಸುವುದು, ಹತ್ತಿಕಾಳು ನೆನೆಯಿಟ್ಟು ರುಬ್ಬುವುದು, ಕರು ಬಿಟ್ಟು ಹಾಲು ಹಿಂಡುವುದು, ಮೇಯಲು ಹೊಡೆಯುವುದು, ಸಂಜೆ ಬಂದವನ್ನು ಎಣಿಸಿ ಕಟ್ಟುವುದು. ದೇವಣಿ ಆಕಳಿಗೆ ಕರುವಿನ ಮೂತಿ ಕೆಚ್ಚಲಿಗೆ ತಗಲದೆ ಹಾಲಿಳಿಯದು. ಕರು ಗುದ್ದಬೇಕು, ಆಕಳು ಅದರ ಬೆನ್ನು ನೆಕ್ಕಬೇಕು, ಆಮೇಲೆ ಸೊರೆ ಬಿಡಬೇಕು. ಅಷ್ಟರವರೆಗೆ ಹಿಂಡುವವಳು ಕಾಯಬೇಕು. “ಅವಸರ ಮಾಡಿದ್ರ ಹಾಲು ಏರಸ್ತದ, ಸುಮ್ನ ಮಾತಾಡ್ಕೋತ ಕೂಡು” ಎಂದು ಅತ್ತೆಯವರು ಹೇಳಿಕೊಟ್ಟರು. ಏನು ಮಾತಾಡಬೇಕು? ಮಕ್ಕಳ ಜ್ವರ, ಜೋಳದ ಧಾರಣೆ, ತವರಿನಿಂದ ಬಾರದ ಕಾಗದ. ನನ್ನ ಜೀವನದ ಕಷ್ಟಸುಖಗಳನ್ನು ನಾನು ಅತ್ತೆಯೆದುರು ಹೇಳಿಕೊಂಡದ್ದಕ್ಕಿಂತ ಆಕಳ ಪಕ್ಕೆಗೆ ತಲೆಯಾನಿಸಿ ಹೇಳಿಕೊಂಡದ್ದೇ ಹೆಚ್ಚು. ಅತ್ತೆಯವರಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಗೋಡೆಯಾಚೆ ಅವರು ಕುಳ್ಳು ತಟ್ಟುತ್ತಿರುತ್ತಿದ್ದರು.

ಅವರಿಂದಲೇ ನಾನು ಕೊಟ್ಟಿಗೆಯ ಶಬ್ದಗಳನ್ನು ಕಲಿತೆ. ಹಲ್ಲು ನೋಡಿ ವಯಸ್ಸು ಹೇಳುವುದು, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎಂದು. ಮಣಕ ಯಾವುದು, ಗಬ್ಬವಾದದ್ದು ಯಾವುದು, ಗೊಡ್ಡು ಯಾವುದು. ಕಣ್ಣಿಗೂ ದಾವಣಿಗೂ ಏನು ಭೇದ, ನೊಗದ ಜತ್ತಿಗೆ ಎಂದರೆ ಯಾವುದು. ದನ ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಮನೆಯವರು ಊಟ ನಿಲ್ಲಿಸಿ ಅದರ ಬಳಿ ಹೋಗಬೇಕು. ಅತ್ತೆಯವರು 1999ರಲ್ಲಿ ತೀರಿಕೊಂಡರು. ಓದುಬರಹ ಬಾರದ ಅವರು ಬಿಟ್ಟುಹೋದ ಆಸ್ತಿಯಲ್ಲಿ ನನ್ನ ಪಾಲಿಗೆ ಬಂದದ್ದು ಇದು.

ದೀಪಾವಳಿಯ ಬಲಿಪಾಡ್ಯಮಿ ಕೊಟ್ಟಿಗೆಯ ದೊಡ್ಡ ಹಬ್ಬ. ಬೆಳಿಗ್ಗೆ ದನಗಳನ್ನು ಮಂಜೀರಾಕ್ಕೆ ಹೊಡೆದು ಮೈತೊಳೆದು, ಕೋಡಿಗೆ ಬಣ್ಣ ಹಚ್ಚುತ್ತೇವೆ. ಹೆಂಡಿಯಿಂದ ಐವರು ಪಾಂಡವರನ್ನು ಮಾಡಿ ಹೊಸ್ತಿಲಿಗೂ ಕೊಟ್ಟಿಗೆಯ ಬಾಗಿಲಿಗೂ ಇಟ್ಟು, ತಲೆಗೆ ಹೂ ಸಿಕ್ಕಿಸಿ, ಹಾಲು ಮೊಸರು ತೋರಿಸುತ್ತೇವೆ. ಸಂಜೆ ತಿಪ್ಪೆಗೂ ಒಂದು ದೀಪ. ವರ್ಷವಿಡೀ ಕಸವೆಂದು ಕರೆದದ್ದಕ್ಕೆ ಒಂದು ದಿನ ಕೈಮುಗಿಯುವ ಈ ಪದ್ಧತಿ ನನಗೆ ಬಹಳ ಇಷ್ಟ.

ನನ್ನ ತಮ್ಮನ ಮಗ ಅಮೇರಿಕದ ಟೆಕ್ಸಾಸಿನಲ್ಲಿದ್ದಾನೆ. ಒಮ್ಮೆ ಅವನು ತನ್ನ ಮಿತ್ರನೊಬ್ಬನ ದನದ ರ‍್ಯಾಂಚಿಗೆ ಹೋಗಿ ಬಂದು, ಅಲ್ಲಿಯ ಶರತ್ಕಾಲವನ್ನು ಫೋನಿನಲ್ಲಿ ಬಣ್ಣಿಸಿದ. ದೂರದೂರ ಮೇಯಲು ಬಿಟ್ಟ ನೂರಾರು ದನಗಳನ್ನು ಕುದುರೆಯ ಮೇಲೆ ಹೋಗಿ ಒಟ್ಟುಗೂಡಿಸುತ್ತಾರಂತೆ. ವಸಂತದಲ್ಲಿ ಹುಟ್ಟಿದ ಕರುಗಳನ್ನು ತಾಯಿಯಿಂದ ಬೇರ್ಪಡಿಸಿ, ತೂಕ ನೋಡಿ, ಚುಚ್ಚುಮದ್ದು ಹಾಕಿ, ಬಹುಪಾಲನ್ನು ಮಾರಾಟಕ್ಕೆ ಕಳಿಸುತ್ತಾರಂತೆ. ಚಳಿಗಾಲಕ್ಕೆ ಹುಲ್ಲಿನ ದೊಡ್ಡ ದೊಡ್ಡ ಉರುಳೆಗಳನ್ನು ಒಟ್ಟುತ್ತಾರಂತೆ. “ಅತ್ತೆ, ಕರು ಬಿಡಿಸಿದ ಮೂರು ರಾತ್ರಿ ಬೇಲಿಯ ಎರಡೂ ಕಡೆ ಬರೀ ಅಂಬಾ ಅಂಬಾ ಅಂತ. ನಮಗ ನಿದ್ದಿನೇ ಬರಲಿಲ್ಲ” ಎಂದ. ಆ ನಾಡು ಹೇಗಿದೆಯೋ ನಾನು ಕಾಣೆ. ಆದರೆ ಆ ಮೂರು ರಾತ್ರಿಗಳು ನನಗೆ ಗೊತ್ತು. ದನಗಳಿಗೆ ಅಲ್ಲಿ ಹೆಸರಿಲ್ಲ, ಕಿವಿಯಲ್ಲಿ ಅಂಕೆಯ ಬಿಲ್ಲೆಯಿದೆ ಎಂದು ಅವನು ಹೇಳಿದಾಗ ನಾನು ಮರುಗಿದ್ದೆ. ಆಮೇಲೆ ನಮ್ಮ ಸರ್ಕಾರದವರೂ ಬಂದು ನಮ್ಮ ಗೌರಿಯ ಕಿವಿಗೆ ಹನ್ನೆರಡು ಅಂಕೆಗಳ ಹಳದಿ ಬಿಲ್ಲೆ ಹಾಕಿದರು. ಲಸಿಕೆಯ ಲೆಕ್ಕಕ್ಕೆ ಅದು ಬೇಕೆಂದರು, ಸರಿಯೇ. ಆದರೆ ಕರೆದರೆ ತಿರುಗಿ ನೋಡುವುದು ಅವಳು ಇಂದಿಗೂ ಗೌರಿ ಎಂದಾಗಲೇ.

ಹದಿನಾಲ್ಕು ಜಾನುವಾರು ಹತ್ತಾಗಿ, ಏಳಾಗಿ, ನಾಲ್ಕಾದ ಕತೆ ನಮ್ಮದೊಂದೇ ಮನೆಯದಲ್ಲ. ಮೇಯಿಸುವ ಹುಡುಗರು ಶಾಲೆಗೆ ಹೋದರು, ಅದು ಒಳ್ಳೆಯದೇ ಆಯಿತು. ಗಾಯರಾಣ ಕಿರಿದಾಯಿತು. ಟ್ರ್ಯಾಕ್ಟರು ಬಂತು. ಮಹೀಂದ್ರಾ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆ ಇರುವುದೇ ನಮ್ಮ ಜಹೀರಾಬಾದಿನಲ್ಲಿ. ನಮ್ಮ ಮಗ ಕೆಲಸ ಮಾಡುವುದೂ ಆ ಪೇಟೆಯಲ್ಲೇ. ನಾಲ್ಕು ದಿನ ಎತ್ತು ಎಳೆಯುವ ಹೊಲವನ್ನು ಅದು ಒಂದು ಬೆಳಿಗ್ಗೆ ಮುಗಿಸುತ್ತದೆಂದ ಮೇಲೆ ಎತ್ತನ್ನು ವರ್ಷವಿಡೀ ಸಾಕುವವರಾರು? 2018ರ ಕಾರ್ತೀಕದಲ್ಲಿ ನಮ್ಮ ಕೊನೆಯ ಜೋಡಿಯನ್ನು ಜೋಗಿಪೇಟೆಯ ಕಡೆಯ ಒಬ್ಬ ರೈತನಿಗೆ ಮಾರಿದೆವು. ಯಜಮಾನರು ಹಣ ಎಣಿಸಿಕೊಳ್ಳಲಿಲ್ಲ, ಮಗನ ಕೈಗೆ ಕೊಡಿಸಿದರು.

ಐದಾರು ದಿನಗಳ ಮೇಲೆ ಆ ರೈತನ ಫೋನು ಬಂತು. ಎತ್ತುಗಳು ಆರೋಗ್ಯವಾಗಿವೆ, ಮೇವು ತಿನ್ನುತ್ತವೆ, ಆದರೆ ಮಾತು ಕೇಳುವುದಿಲ್ಲ ಎಂದ. “ಆಗು ಆಗು” ಎಂದು ಎಷ್ಟು ಕೂಗಿದರೂ ಗಳೆ ನಿಲ್ಲಿಸದೆ ಮುಂದೆ ಮುಂದೆ ಹೋಗುತ್ತವೆಯಂತೆ. ತೆಲುಗಿನಲ್ಲಿ ‘ಆಗು’ ಎಂದರೆ ನಿಲ್ಲು. ಕನ್ನಡದ ಎತ್ತಿಗೆ ‘ಆಗು’ ಎಂದರೆ ತಾನು ಏನಾಗಬೇಕೆಂದು ತಿಳಿಯಬೇಕು ಪಾಪ! ಯಜಮಾನರು ನಗುತ್ತ ಒಂದೊಂದೇ ಮಾತನ್ನು ಹೇಳಿಕೊಟ್ಟರು. ನಿಲ್ಲಲು ಇದು, ತಿರುಗಲು ಇದು, ಹಿಂದೆ ಸರಿಯಲು ಇದು, ನೀರು ಕುಡಿಯಲು ಕರೆಯುವುದು ಹೀಗೆ. ಆ ಪುಣ್ಯಾತ್ಮ ಎಲ್ಲವನ್ನೂ ತನ್ನ ಮಗನಿಂದ ಬರೆಸಿಕೊಂಡ. ಫೋನು ಕೆಳಗಿಟ್ಟ ಮೇಲೆ ಯಜಮಾನರ ನಗೆ ನಿಂತಿತು. ಬಹಳ ಹೊತ್ತು ಖಾಲಿ ಗೂಟಗಳ ಕಡೆ ನೋಡುತ್ತ ಕುಳಿತಿದ್ದರು. ಆ ಮಾತುಗಳನ್ನು ನಮ್ಮ ಮನೆಯಲ್ಲಿ ಇನ್ನು ಯಾರಿಗೂ ಹೇಳಬೇಕಾಗಿಲ್ಲವೆಂಬುದು ಅವರಿಗೆ ಆಗ ಹೊಳೆದಿರಬೇಕು.

ನನಗೆ ಹೊಳೆದದ್ದು ಇನ್ನೂ ನಾಲ್ಕು ವರ್ಷಗಳ ಮೇಲೆ. 2022ರ ಶರತ್ಕಾಲ ನಮ್ಮ ಸೀಮೆಯ ದನಗಾರರು ಮರೆಯುವಂಥದಲ್ಲ. ಚರ್ಮಗಂಟು ರೋಗ ದೇಶದ ಹಲವು ರಾಜ್ಯಗಳಲ್ಲಿ ಹರಡಿ ನಮ್ಮವರೆಗೂ ಬಂತು. ಸೊಳ್ಳೆ, ಕಚ್ಚುವ ನೊಣ, ಉಣ್ಣಿಗಳಿಂದ ಹರಡುವ ವಿಷಾಣು ಅದು. ಮನುಷ್ಯರಿಗೆ ತಾಗದು. ಆಗ ಕೊಟ್ಟಿಗೆಯಲ್ಲಿ ಇದ್ದದ್ದು ಮುದಿ ಗೌರಿ, ಅವಳ ಮಗಳು ಚಂದ್ರಿ, ಚಂದ್ರಿಯ ಮೂರು ತಿಂಗಳ ಹೋರಿಕರು, ಒಂದು ಎಮ್ಮೆ. ದಸರೆಯ ರಜೆಗೆಂದು ಆರನೆಯ ತರಗತಿ ಓದುತ್ತಿದ್ದ ಮೊಮ್ಮಗಳು ಜಹೀರಾಬಾದಿನಿಂದ ಬಂದಿದ್ದಳು. ಒಂದು ಬೆಳಿಗ್ಗೆ “ಏಳ್ರೆವ್ವಾ” ಎಂದರೆ ಚಂದ್ರಿ ಏಳಲಿಲ್ಲ. ಮೈ ಸುಡುತ್ತಿತ್ತು. ಕೊರಳಿನಿಂದ ತೊಡೆಯವರೆಗೆ ಅಡಿಕೆ ಗಾತ್ರದ ಗಂಟುಗಳೆದ್ದಿದ್ದವು.

ಪಶುವೈದ್ಯರು ಆ ದಿನವೇ ಬಂದರು. ಎಳೆಯ ವಯಸ್ಸಿನವರು, ತೆಲುಗಿನವರು, ಬಹಳ ಒಳ್ಳೆಯ ಮನುಷ್ಯರು. ಜ್ವರ ನೋಡಿ ಅವರು ನನ್ನನ್ನು, “ನೆಮರು ವೇಸ್ತುಂದಾ?” ಎಂದು ಕೇಳಿದರು. ನನಗೆ ತೆಲುಗು ಬಾರದೆಂದಲ್ಲ. ಸಂತೆಯ ತೆಲುಗು, ಬಸ್ಸಿನ ತೆಲುಗು, ಕಚೇರಿಯ ತೆಲುಗು ಎಲ್ಲ ಬರುತ್ತದೆ. ಹಾಲು ಕೊಳ್ಳುವವನೊಡನೆ ದಖನಿಯೂ ಆಡುತ್ತೇನೆ. ಆದರೆ ದನದ ತೆಲುಗು ಬಾರದು! ನಾಲ್ಕು ದಶಕಗಳಲ್ಲಿ ಕೊಟ್ಟಿಗೆಯೊಳಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಮೊಮ್ಮಗಳ ಕಡೆ ತಿರುಗಿದೆ. ಅವಳು ತೆಲುಗಿನಲ್ಲಿ ಚುರುಕು. “ಆಯಿ, ನೆಮರು ಅಂದ್ರ ದನ ತಿಂದಿದ್ದು ತಿರುಗಿ ತಿಂತದಲ್ಲ, ಪುಸ್ತಕದಾಗ ಅದ. ಅದಕ್ಕ ಕನ್ನಡದಾಗ ಏನಂತಾರ ನಂಗ ಗೊತ್ತಿಲ್ಲ” ಎಂದಳು. “ಮೆಲುಕು” ಎಂದೆ ನಾನು. ಹುಟ್ಟಿದಾರಭ್ಯ ನಮ್ಮ ಮನೆಯ ದನಗಳನ್ನು ಕಂಡ ಹುಡುಗಿ ಆ ಶಬ್ದವನ್ನು ಅಂದು ಮೊದಲ ಸಲ ಕೇಳುತ್ತಿದ್ದಳು. ಶಬ್ದ ನನ್ನಲ್ಲಿತ್ತು, ಕೇಳುವವರಿಗೆ ತಿಳಿಯದು. ತಿಳಿಸುವ ಭಾಷೆ ಅವಳಲ್ಲಿತ್ತು, ಆದರೆ ದನದ ಬಳಿ ಕುಳಿತು ನೋಡಿದ ಅನುಭವವಿಲ್ಲ. ನಡುವೆ ಚಂದ್ರಿ ನೆಲದ ಮೇಲೆ ಕೊರಳು ಚಾಚಿ ಮಲಗಿದ್ದಳು. ಕೊನೆಗೆ ಮೆಲುಕಾಡುವಂತೆ ಬಾಯಿ ಆಡಿಸಿ ತೋರಿಸಿ, ನಿನ್ನೆ ಮಧ್ಯಾಹ್ನದಿಂದ ಇದು ಇಲ್ಲ ಎಂದೆ. ವೈದ್ಯರು ನಗಲಿಲ್ಲ. ತಲೆಯಲ್ಲಾಡಿಸಿ ಬರೆದುಕೊಂಡರು.

ರೋಗ ಬಂದದ್ದನ್ನು ಬೇರೆ ಕಟ್ಟಿಸಿ, ಇಲ್ಲದ್ದಕ್ಕೆ ಮೇಕೆ ಸಿಡುಬಿನ ಲಸಿಕೆ ಹಾಕಿದರು. ಈ ರೋಗಕ್ಕೆ ಆಗ ಕೈಗೆ ಸಿಗುತ್ತಿದ್ದ ಲಸಿಕೆ ಅದೇ. ಜ್ವರಕ್ಕೆ, ಹುಣ್ಣಿಗೆ ಔಷಧ ಕೊಟ್ಟರು. ವೀಳ್ಯದೆಲೆ, ಮೆಣಸು, ಉಪ್ಪು, ಬೆಲ್ಲ ಅರೆದ ಉಂಡೆಯನ್ನೂ ನಾವು ದಿನಕ್ಕೆ ಹಲವು ಸಲ ತಿನ್ನಿಸಿದೆವು. ಬೇವು ಅರಿಸಿನ ಹಚ್ಚಿದೆವು. ಮೊಮ್ಮಗಳು ರಜೆಯ ಆಟವನ್ನೆಲ್ಲ ಬಿಟ್ಟು ಬೇವಿನ ಟೊಂಗೆ ಹಿಡಿದು ನೊಣ ಅಟ್ಟುತ್ತ ಕುಳಿತಳು. ಹದಿನೈದು ದಿನಗಳ ಮೇಲೆ ಚಂದ್ರಿ ಮೆಲುಕು ಹಾಕಿದಳು. ಕರು ಉಳಿಯಲಿಲ್ಲ. ಆ ವರ್ಷದ ದೀಪಾವಳಿಗೆ ಅಮಾವಾಸ್ಯೆಯ ಮಂಗಳವಾರ, ಅಕ್ಟೋಬರ್ 25ರಂದು ಸೂರ್ಯಗ್ರಹಣವಿತ್ತು. ಮರುದಿನ ಪಾಡ್ಯಮಿ. ದನಗಳನ್ನು ನದಿಗೆ ಹೊಡೆಯಲಿಲ್ಲ, ಕೋಡಿಗೆ ಬಣ್ಣವಿಲ್ಲ. ಪಾಂಡವರನ್ನು ಮಾಡುವುದೋ ಬೇಡವೋ ಎಂದು ನಾನು ಹಿಂದೆಮುಂದೆ ನೋಡಿದೆ. ಯಜಮಾನರೇ ಹೆಂಡಿ ತಂದು ಮುಂದಿಟ್ಟು, “ಮಾಡು. ಉಳಿದಾವಲ್ಲ, ಅವುಕ್ಕರೇ ಮಾಡು” ಎಂದರು. ಚಂದ್ರಿಗೆ ಕರುವಿಲ್ಲದೆ ಸೊರೆ ಬಿಡಲು ಕಷ್ಟವಾಯಿತು. ಆ ವಾರವೆಲ್ಲ ನಾನು ಅವಳ ಪಕ್ಕೆಗೆ ತಲೆಯಾನಿಸಿ ಮಾತಾಡಿದೆ. ಏನು ಆಡಿದೆನೋ ನೆನಪಿಲ್ಲ.

ರಜೆ ಮುಗಿಸಿ ಹೋಗುವ ಮುನ್ನಾದಿನ ಮೊಮ್ಮಗಳು ಒಂದು ಹಳೆಯ ನೋಟುಬುಕ್ಕು ಹಿಡಿದು ಬಂದಿದ್ದಳು. “ಆಯಿ, ಮೆಲುಕಿನಂಥ ಶಬ್ದ ಇನ್ನೂ ಎ‍ಷ್ಟ್ ಅದಾವ?” ಎಂದಳು. ಕುಳಿತು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಆಮೇಲೆ ನೋಡಿದರೆ ಬರೆದದ್ದೆಲ್ಲ ತೆಲುಗಿನ ಅಕ್ಷರಗಳಲ್ಲಿ! ಕನ್ನಡ ಲಿಪಿ ಅವಳಿಗೆ ಬಾರದು, ಅದನ್ನು ಕಲಿಸುವವರಾರೂ ಇರಲಿಲ್ಲ. ತಪ್ಪು ನನ್ನದೇ. ಮನೆಯಲ್ಲಿ ಆಡುತ್ತೇವಲ್ಲ, ಅಷ್ಟು ಸಾಕೆಂದುಕೊಂಡಿದ್ದೆ. ಮುಂದಿನ ರಜೆಯಲ್ಲಿ ಅದೇ ಪುಸ್ತಕವನ್ನೇ ಪಾಠವಾಗಿ ಹಿಡಿದೆವು. ಕ, ತ, ಶ ಮುಂತಾದ ಕೆಲವು ಅಕ್ಷರಗಳು ಬೇರೆ. ಉಳಿದ ಬಹಳಷ್ಟಕ್ಕೆ ತಲಕಟ್ಟು ಬದಲಿಸಿದರೆ ಆಯಿತು. ಎಡಗಡೆಯ ಪುಟದಲ್ಲಿ ತೆಲುಗು ಅಕ್ಷರದ ‘ಗೋದಲಿ’, ಬಲಗಡೆಯಲ್ಲಿ ಕನ್ನಡ ಅಕ್ಷರದ ‘ಗೋದಲಿ’. ಈಗ ಒಂಬತ್ತನೆಯ ತರಗತಿಯಲ್ಲಿರುವ ಅವಳು ನಮ್ಮ ಈ ಮಾಸಪತ್ರಿಕೆಯನ್ನು ತಡವರಿಸುತ್ತಲಾದರೂ ಓದುತ್ತಾಳೆ.

ಹೋದ ವರ್ಷ ದಸರೆಗೆ ಮಗ ಬಂದು ಮಾತು ತೆಗೆದ. “ಅವ್ವ, ಅಪ್ಪನ ಮೊಣಕಾಲು ನೋಡು, ನಿನ್ನ ಸೊಂಟ ನೋಡು. ಗೌರಿ ಇರಲಿ, ಮುಪ್ಪಿನಾಕಿ. ಚಂದ್ರೀನ, ಎಮ್ಮೀನ ಮಾರಿ ಬಿಡಮಿ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಮ್ಮ ಮೇಲಿನ ಪ್ರೀತಿಯಿಂದಲೇ ಅವನು ಹೇಳಿದ್ದು. ಹೊಟ್ಟಿನ ಬೆಲೆ, ಹಿಂಡಿಯ ಬೆಲೆ ಲೆಕ್ಕ ಹಾಕಿದರೆ ಎರಡು ಹೊತ್ತಿನ ಹಾಲಿನಲ್ಲಿ ಲಾಭವೇನೂ ಉಳಿಯುವುದಿಲ್ಲ. ನಾನು ವಾದಿಸಲಿಲ್ಲ, ದೀಪಾವಳಿ ಆಗಲಿ ಎಂದೆ. ದೀಪಾವಳಿಯ ಮೇಲೆ ಒಂದು ಒಪ್ಪಂದವಾಯಿತು. ಎಮ್ಮೆಯನ್ನು ಓಣಿಯ ಮನೆಯೊಂದಕ್ಕೆ ಕೊಟ್ಟೆವು. ಗೌರಿ, ಚಂದ್ರಿ, ಚಂದ್ರಿಯ ಹೊಸ ಹೆಣ್ಣುಕರು ಉಳಿದವು. ಹುಲ್ಲು ಹೊರುವುದಕ್ಕೂ ಮೇಯಿಸುವುದಕ್ಕೂ ಅರ್ಧ ದಿನದ ಆಳಿಗೆ ಮಗ ಹಣ ಕೊಡುತ್ತಾನೆ. ಇದು ಎಷ್ಟು ವರ್ಷ ನಡೆದೀತೋ ನಾನು ಹೇಳಲಾರೆ. ನಮ್ಮ ಕೈಕಾಲು ನಡೆದಷ್ಟು ದಿನ ಎಂದು ಅವನೂ ಬಲ್ಲ, ನಾನೂ ಬಲ್ಲೆ.

ಓದುಗ ಬಂಧುಗಳೇ, ಗಡಿಯಾಚೆಯ ನಾವು ಕನ್ನಡ ಉಳಿಯಬೇಕೆಂದಾಗ ಶಾಲೆಯನ್ನು, ಸಂಘವನ್ನು, ಸರ್ಕಾರವನ್ನು ನೆನೆಯುತ್ತೇವೆ. ಅವೆಲ್ಲ ಬೇಕು. ಆದರೆ ನನ್ನ ಮನೆಯಲ್ಲಿ ಕನ್ನಡದ ಎಷ್ಟೋ ಮಾತು ಉಳಿದದ್ದು ಕೊಟ್ಟಿಗೆಯಲ್ಲಿ, ಹೋಗುವುದಿದ್ದರೆ ಅಲ್ಲಿಂದಲೇ ಸದ್ದಿಲ್ಲದೆ ಹೋಗುತ್ತಿತ್ತು. ದನ ಮಾರಿದ ದಿನ ಹಗ್ಗದ ಜೊತೆಗೆ ಹಗ್ಗದ ಹೆಸರೂ ಹೋಗುತ್ತದೆ. ನಿಮ್ಮ ಮನೆಗಳಲ್ಲಿಯೂ ಕೊಟ್ಟಿಗೆ ಇದ್ದೀತು, ಇಲ್ಲವೆ ಕೊಟ್ಟಿಗೆಯನ್ನು ಕಂಡ ಹಿರಿಯರು ಇದ್ದಾರು. ಈ ಕಾರ್ತೀಕದ ಸಂಜೆಗಳು ಉದ್ದ. ಮಕ್ಕಳನ್ನು ಅವರ ಬಳಿ ಕೂರಿಸಿ ಕೇಳಿಸಿರಿ, ಬರೆಯಿಸಿರಿ. ಯಾವ ಅಕ್ಷರದಲ್ಲಿ ಬರೆದರೂ ಸರಿ, ಅಕ್ಷರವನ್ನು ಆಮೇಲೆ ಕಲಿಸಬಹುದು.

ಇಷ್ಟು ಬರೆಯುವಷ್ಟರಲ್ಲಿ ಹೊತ್ತು ಇಳಿದಿದೆ. ಬಣವೆಗೆ ಇನ್ನೂ ಹತ್ತು ಹೊರೆ ಒಟ್ಟುವುದಿದೆ, ಚಂದ್ರಿ ಅಂಗಳದ ಕಡೆಗೆ ಮುಖ ಮಾಡಿ ಎರಡು ಸಲ ಕೂಗಿದ್ದಾಳೆ. ಮೊಮ್ಮಗಳು ರಜೆಗೆ ಬಂದಿದ್ದಾಳೆ. ಅಂಗಳದಿಂದ ಅವಳ ದನಿ ಕೇಳಿಸುತ್ತಿದೆ. “ತಡಿಯವ್ವಾ, ಆಯಿ ಬರ್ತಾಳ” ಎಂದು ಅವಳು ಆಕಳಿಗೆ ಹೇಳುತ್ತಿದ್ದಾಳೆ. ಹೋಗಬೇಕು.